ಏಳು ವರ್ಷದ ಪ್ಲಾನ್, ಇಪ್ಪತ್ತು ತಿಂಗಳ ಪಯಣ: ಜಾಕ್ ಲಂಡನ್, ಚಾರ್ಮಿಯನ್ ಮತ್ತು ಒಂದು ಸೋರುವ ದೋಣಿ

ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡೋಕೆ ಸಲೀಸು, ಬರೆಯೋಕೆ ಕೂತರೆ ಮಾತ್ರ ಒತ್ತಕ್ಷರ ಎಲ್ಲಿ ಹಾಕ್ಬೇಕು ಅಂತ ಎರಡು ಸಲ ಯೋಚನೆ ಮಾಡ್ತೀನಿ. ಹಂಗಾಗಿ ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನನ್ನ ರೂಮ್‌ಮೇಟ್‌ಗೆ ಒಂದು ಹುಚ್ಚು ಐತಿ. ರಾತ್ರಿ ಮೆಸ್ ಊಟ ಮುಗಿದ ಮೇಲೆ ಫೋನ್ ಹಿಡಿದು ಹಾಯಿದೋಣಿ ವಿಡಿಯೋ ನೋಡ್ತಾನೆ. ಗಂಡ ಹೆಂಡತಿ ಇಬ್ಬರೇ, ಒಂದು ಬಿಳಿ ದೋಣಿ, ನೀಲಿ ನೀರು, ಇವತ್ತು ಈ ದ್ವೀಪ, ನಾಳೆ ಇನ್ನೊಂದು ದ್ವೀಪ. ತೆಂಗಿನಕಾಯಿ ಒಡೆದು ಕುಡೀತಾರೆ, ಮೀನು ಸುಟ್ಟು ತಿಂತಾರೆ, ಸಂಜೆ ಆಗ್ತಿದ್ದಂತೆ ಕಾಲು ಚಾಚಿ ಸೂರ್ಯ ಮುಳುಗೋದನ್ನ ನೋಡ್ತಾರೆ. ಡಿಗ್ರಿ ಮುಗಿಸಿ ನಾಲ್ಕು ವರ್ಷ ಐಟಿಯಲ್ಲಿ ದುಡಿದು ಆಮೇಲೆ ಇದೇ ಜೀವನ ಅಂತ ಅವನ ಲೆಕ್ಕ. ಈಜೋಕೆ ಬರಲ್ಲ, ಅದು ಬೇರೆ ಮಾತು.

ಈ ಕನಸನ್ನ ನೂರು ವರ್ಷಕ್ಕೂ ಹಿಂದೆ ಕಂಡು, ಬರೀ ಕಂಡು ಬಿಡದೆ ಹೊರಟೇಬಿಟ್ಟ ಒಂದು ಜೋಡಿ ಇತ್ತು. ಗಂಡನ ಹೆಸರು ಜಾಕ್ ಲಂಡನ್. ಸ್ಕೂಲಲ್ಲಿ ಇಂಗ್ಲಿಷ್ ಓದಿದವರಿಗೆ 'ದಿ ಕಾಲ್ ಆಫ್ ದಿ ವೈಲ್ಡ್' ಕಾದಂಬರಿಯ ನಾಯಿ ಬಕ್ ನೆನಪಿರಬಹುದು. ಅದನ್ನ ಬರೆದವನೇ ಇವನು. ಹಿಮದ ಕಥೆ ಬರೆದವನು ಅಂತ ನಮಗೆ ಗೊತ್ತಿರೋ ಈ ಮನುಷ್ಯ ತನ್ನ ಆಯುಷ್ಯದ ಅತ್ಯಂತ ದೊಡ್ಡ ಕನಸನ್ನ ಕಟ್ಟಿದ್ದು ಬಿಸಿಲಿನ ದ್ವೀಪಗಳ ಕಡೆ ಹೋಗೋಕೆ.

ಮುನ್ನೂರು ಡಾಲರಿನ ಮೊದಲ ದೋಣಿ

ಜಾಕ್ ಹುಟ್ಟಿದ್ದು 1876ರ ಜನವರಿ 12ರಂದು, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ತಾಯಿ ಫ್ಲೋರಾ. ತಂದೆ ಯಾರು ಅನ್ನೋದೇ ವಿವಾದ. ಊರೂರು ತಿರುಗಿ ಜ್ಯೋತಿಷ್ಯ ಹೇಳ್ತಿದ್ದ ವಿಲಿಯಂ ಚೇನಿ ಅಂತ ಬಹಳ ಜನ ನಂಬ್ತಾರೆ, ಆದರೆ ಆತ ಕೊನೆಯವರೆಗೂ ಒಪ್ಪಿಕೊಳ್ಳಲಿಲ್ಲ. ಲಂಡನ್ ಅನ್ನೋ ಹೆಸರು ಮಲತಂದೆ ಜಾನ್ ಲಂಡನ್‌ನಿಂದ ಬಂದದ್ದು. ತಾಯಿಗೆ ಆರೋಗ್ಯ ಸರಿ ಇರಲಿಲ್ಲ. ಕೂಸಿಗೆ ಹಾಲುಣಿಸಿ ಸಾಕಿದ್ದು ಜೆನ್ನಿ ಪ್ರೆಂಟಿಸ್ ಅನ್ನೋ ಕಪ್ಪು ಹೆಂಗಸು. ಆಕೆ ಹಿಂದೆ ಗುಲಾಮಳಾಗಿದ್ದವಳು. ಜಾಕ್ ಸಾಯೋವರೆಗೂ ಆಕೆಯನ್ನ ತಾಯಿಯಂತೆಯೇ ನೋಡಿಕೊಂಡ.

ಮನೆಯಲ್ಲಿ ಬಡತನ. ಹದಿನಾಲ್ಕರ ಆಸುಪಾಸಿನಲ್ಲೇ ಡಬ್ಬಿಗೆ ಆಹಾರ ತುಂಬೋ ಕಾರ್ಖಾನೆಗೆ ಸೇರಿದ. ಗಂಟೆಗೆ 10 ಸೆಂಟ್ ಕೂಲಿ, ಕೆಲವು ದಿನ ಹದಿನೆಂಟು ಗಂಟೆ ತನಕ ಕೆಲಸ. ಈ ದುಡಿಮೆಯಿಂದ ತಪ್ಪಿಸ್ಕೊಳ್ಳೋಕೆ ಅವನು ಕಂಡುಕೊಂಡ ದಾರಿ ಸಮುದ್ರ. ಹದಿನೈದನೇ ವಯಸ್ಸಿಗೆ ಜೆನ್ನಿ ಹತ್ತಿರ 300 ಡಾಲರ್ ಸಾಲ ಮಾಡಿ 'ರ್‍ಯಾಝಲ್ ಡ್ಯಾಝಲ್' ಅನ್ನೋ ಪುಟ್ಟ ಹಾಯಿದೋಣಿ ತಗೊಂಡ. ಅದರಲ್ಲಿ ಮಾಡಿದ ಕೆಲಸ ಏನು ಗೊತ್ತಾ? ಕಳ್ಳತನ! ಬೇರೆಯವರು ಸಾಕಿದ ಸಿಂಪಿಗಳನ್ನ ರಾತ್ರಿ ಕದ್ದು ಬೆಳಿಗ್ಗೆ ಮಾರೋದು. ಸ್ವಲ್ಪ ದಿನಕ್ಕೆ ಪಾರ್ಟಿ ಬದಲಾಯಿಸಿ, ಅಂಥ ಕಳ್ಳರನ್ನೇ ಹಿಡಿಯೋ ಮೀನುಗಾರಿಕಾ ಗಸ್ತಿಗೆ ಸೇರಿಕೊಂಡ.

1893ರಲ್ಲಿ, ಹದಿನೇಳನೇ ವಯಸ್ಸಿನಲ್ಲಿ, ಸೀಲ್ ಬೇಟೆಯ ಹಡಗು 'ಸೋಫಿಯಾ ಸದರ್ಲೆಂಡ್' ಹತ್ತಿ ಜಪಾನ್ ತೀರದವರೆಗೆ ಹೋಗಿ ಬಂದ. ಅಲ್ಲಿ ಕಂಡ ಚಂಡಮಾರುತದ ಬಗ್ಗೆ ಬರೆದ ಲೇಖನಕ್ಕೆ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಯೊಂದರ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂತು, 25 ಡಾಲರ್. ಸ್ಕೂಲ್ ಸರಿಯಾಗಿ ಮುಗಿಸದ ಹುಡುಗ ಕಾಲೇಜು ಮಕ್ಕಳನ್ನ ಸೋಲಿಸಿದ್ದ.

ಆಮೇಲಿನದ್ದನ್ನ ಓಡಿಸಿಕೊಂಡು ಹೇಳ್ತೀನಿ. ಕೆಲಸ ಇಲ್ಲದೆ ಗೂಡ್ಸ್ ರೈಲು ಹತ್ತಿ ಅಮೆರಿಕ ಸುತ್ತಿದ. ಅಲೆಮಾರಿ ಅಂತ ಹಿಡಿದು ಮೂವತ್ತು ದಿನ ಜೈಲಿಗೆ ಹಾಕಿದ್ರು. ವಾಪಸ್ ಬಂದು ಹೈಸ್ಕೂಲ್ ಸೇರಿದ, ಬರ್ಕ್ಲಿ ವಿಶ್ವವಿದ್ಯಾಲಯಕ್ಕೆ ಪ್ರವೇಶ ಗಿಟ್ಟಿಸಿದ, ಒಂದೇ ಸೆಮಿಸ್ಟರ್‌ಗೆ ಹಣ ಖಾಲಿಯಾಗಿ ಬಿಟ್ಟ. 1897ರಲ್ಲಿ ಚಿನ್ನ ಹುಡುಕಿ ಕ್ಲೊಂಡೈಕ್‌ಗೆ ಹೋದ. ಚಿನ್ನ ಸಿಗಲಿಲ್ಲ, ಸ್ಕರ್ವಿ ರೋಗ ಸಿಕ್ತು. ಆದರೆ ಅಲ್ಲಿಂದ ತಂದ ಕಥೆಗಳೇ ಅವನ ಚಿನ್ನ ಆದವು. 1903ರಲ್ಲಿ 'ದಿ ಕಾಲ್ ಆಫ್ ದಿ ವೈಲ್ಡ್' ಬಂತು. ಅದರ ಹಕ್ಕನ್ನ ಪ್ರಕಾಶಕರಿಗೆ 2000 ಡಾಲರಿಗೆ ಪೂರ್ತಿ ಮಾರಿಬಿಟ್ಟಿದ್ದ. ಆಮೇಲೆ ಲಕ್ಷಗಟ್ಟಲೆ ಪ್ರತಿ ಹೋದ್ವು. ದುಡ್ಡಿನ ವಿಷಯದಲ್ಲಿ ಜಾಕ್ ಹೆಂಗಿದ್ದ ಅನ್ನೋದಕ್ಕೆ ಇದೊಂದೇ ಸಾಕು.

ಚಾರ್ಮಿಯನ್

ಜಾಕ್ 1900ರಲ್ಲಿ ಬೆಸ್ ಅನ್ನೋರನ್ನ ಮದುವೆಯಾಗಿದ್ದ, ಇಬ್ಬರು ಹೆಣ್ಣುಮಕ್ಕಳು. ಆ ಸಂಸಾರ ನಡೀಲಿಲ್ಲ. ಅದನ್ನ ಬಿಟ್ಟು ಬಂದ ರೀತಿ ಒಳ್ಳೇದಿತ್ತು ಅಂತ ನಾನು ಹೇಳಲ್ಲ, ಆ ಮಕ್ಕಳು ಅಪ್ಪನ ಕೊರತೆಯಲ್ಲೇ ಬೆಳೆದ್ರು. 1905ರ ನವೆಂಬರ್‌ನಲ್ಲಿ ಚಿಕಾಗೋದಲ್ಲಿ ಚಾರ್ಮಿಯನ್ ಕಿಟ್ರೆಡ್ಜ್ ಜೊತೆ ಅವನ ಎರಡನೇ ಮದುವೆ ಆಯ್ತು.

ಚಾರ್ಮಿಯನ್ 1871ರಲ್ಲಿ ಹುಟ್ಟಿದವಳು, ಅಂದರೆ ಗಂಡನಿಗಿಂತ ಹೆಚ್ಚುಕಡಿಮೆ ನಾಲ್ಕು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿನಲ್ಲೇ ತಾಯಿ ತೀರಿಕೊಂಡು ಚಿಕ್ಕಮ್ಮನ ಮನೆಯಲ್ಲಿ ಬೆಳೆದಳು. ಶಾರ್ಟ್‌ಹ್ಯಾಂಡ್, ಟೈಪಿಂಗ್ ಕಲಿತು ಸ್ವಂತ ಸಂಬಳದಲ್ಲಿ ಬದುಕ್ತಿದ್ದಳು. ಹೆಂಗಸರು ಕುದುರೆ ಮೇಲೆ ಎರಡೂ ಕಾಲನ್ನ ಒಂದೇ ಕಡೆ ಇಳಿಬಿಟ್ಟು ಕೂರಬೇಕು ಅನ್ನೋ ಕಾಲದಲ್ಲಿ ಗಂಡಸರಂತೆ ಕೂತು ಸವಾರಿ ಮಾಡ್ತಿದ್ದಳು. ಪಿಯಾನೋ ನುಡಿಸ್ತಿದ್ದಳು. ಜಾಕ್‌ನ ಮುಂದಿನ ಪುಸ್ತಕಗಳ ಹಸ್ತಪ್ರತಿಗಳನ್ನ ಟೈಪ್ ಮಾಡಿದವಳೂ ಇವಳೇ.

ಕನಸು ಶುರುವಾಗಿದ್ದು 1905ರ ಬೇಸಿಗೆಯಲ್ಲಿ, ಕ್ಯಾಲಿಫೋರ್ನಿಯಾದ ಗ್ಲೆನ್ ಎಲೆನ್ ಅನ್ನೋ ಹಳ್ಳಿಯಲ್ಲಿ. ಜೋಶುವಾ ಸ್ಲೋಕಮ್ ಅನ್ನೋ ನಾವಿಕ 1895ರಿಂದ 1898ರವರೆಗೆ ಒಬ್ಬನೇ ಹಾಯಿದೋಣಿಯಲ್ಲಿ ಭೂಮಿ ಸುತ್ತಿ ಪುಸ್ತಕ ಬರೆದಿದ್ದ. ಅದನ್ನ ಎಲ್ಲರೂ ಸೇರಿ ಓದ್ತಿದ್ರು. ಸ್ಲೋಕಮ್‌ನ ದೋಣಿ ಸುಮಾರು 37 ಅಡಿ. ಅಷ್ಟರಲ್ಲಿ ಒಬ್ಬ ಹೋಗಬಹುದಾದ್ರೆ ಇನ್ನೂ ಸ್ವಲ್ಪ ದೊಡ್ಡದರಲ್ಲಿ ನಾವ್ಯಾಕೆ ಹೋಗಬಾರದು ಅನ್ನೋ ಮಾತು ಎದ್ದಿತು. ಜಾಕ್ ಅದನ್ನ ಮುಂದೆ ಯಾವಾಗಲಾದರೂ ನೋಡೋಣ ಅಂತ ಮುಂದೂಡೋಕೆ ಹೋದ. ಈಗಲೇ ಯಾಕಾಗಬಾರದು ಅಂತ ಗಟ್ಟಿ ಹಿಡಿದವಳು ಚಾರ್ಮಿಯನ್. ಪ್ಲಾನ್ ಏನಪ್ಪಾ ಅಂದ್ರೆ ಏಳು ವರ್ಷ. ಹವಾಯಿ, ದಕ್ಷಿಣ ಸಾಗರದ ದ್ವೀಪಗಳು, ಆಸ್ಟ್ರೇಲಿಯಾ, ಏಷ್ಯಾ, ಯುರೋಪ್. ಎಲ್ಲಿ ಇಷ್ಟ ಆಗುತ್ತೋ ಅಲ್ಲಿ ತಿಂಗಳುಗಟ್ಟಲೆ ಲಂಗರು.

ಒಂದು ಪ್ರಾಜೆಕ್ಟ್ ಹೆಂಗೆ ಕೆಡುತ್ತೆ

ಇಲ್ಲಿಂದ ಮುಂದೆ ಎಂಜಿನಿಯರಿಂಗ್ ಮಂದಿ ಗಮನ ಕೊಟ್ಟು ಓದ್ರಿ. ನಮ್ಮ ಮಿನಿ ಪ್ರಾಜೆಕ್ಟ್ ಕಥೆ ಇದರ ಮುಂದೆ ಏನೂ ಅಲ್ಲ.

ದೋಣಿಗೆ 'ಸ್ನಾರ್ಕ್' ಅಂತ ಹೆಸರಿಟ್ರು. ಲೂಯಿಸ್ ಕ್ಯಾರೊಲ್‌ನ ಒಂದು ಪದ್ಯದಲ್ಲಿ ಬರೋ, ಯಾರೂ ಕಂಡಿರದ ಪ್ರಾಣಿಯ ಹೆಸರದು. ನೀರಿನ ಮಟ್ಟದಲ್ಲಿ 45 ಅಡಿ ಉದ್ದ, 15 ಅಡಿ ಅಗಲ. ಎರಡು ಹಾಯಿ ಕಂಬ, ಹಿಂದಿನದು ಚಿಕ್ಕದು. ಇಂಥ ದೋಣಿಗೆ ಕೆಚ್ ಅಂತಾರೆ. ಗಾಳಿ ಇಲ್ಲದಾಗ ಓಡಿಸೋಕೆ 70 ಹಾರ್ಸ್ ಪವರ್ ಗ್ಯಾಸೊಲಿನ್ ಎಂಜಿನ್. ಒಳಗೆ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗದಂತೆ ಅಡ್ಡಗೋಡೆಗಳು. ಸ್ನಾನದ ಕೋಣೆ ಸಹ ಇತ್ತು. ಬಜೆಟ್ 7000 ಡಾಲರ್.

ದೋಣಿಯ ಬೆನ್ನೆಲುಬಾದ ಕೀಲ್‌ನ ಕೆಲಸಕ್ಕೆ ನಿಗದಿಯಾಗಿದ್ದ ದಿನ 1906ರ ಏಪ್ರಿಲ್ 18. ಚರಿತ್ರೆ ಗೊತ್ತಿರೋರಿಗೆ ಈಗಲೇ ಎದೆ ಧಸಕ್ ಅಂದಿರಬೇಕು. ಅವತ್ತು ಬೆಳಗಿನ ಜಾವ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ. ಊರಿಗೆ ಊರೇ ಉರಿದುಹೋಯ್ತು. ಆಮೇಲೆ ಮರ, ಕಬ್ಬಿಣ, ಬಡಗಿಗಳು, ಎಲ್ಲದಕ್ಕೂ ಬರ. ಇಡೀ ಊರೇ ಮನೆ ಕಟ್ಟಿಕೊಳ್ತಿರುವಾಗ ಇವರ ದೋಣಿ ಯಾರಿಗೆ ಬೇಕು? ಜಾಕ್ ಮಾತ್ರ ಎಲ್ಲದರಲ್ಲೂ ಅತ್ಯುತ್ತಮವಾದದ್ದೇ ಬೇಕು ಅಂತ ಹಣ ಸುರೀತಾ ಹೋದ. 7000 ಇದ್ದದ್ದು ಕೊನೆಗೆ 30,000 ಡಾಲರ್ ಆಯ್ತು. ಹೊರಡೋ ದಿನಾಂಕ ತಿಂಗಳಿಂದ ತಿಂಗಳಿಗೆ ಮುಂದೆ ಹೋಗಿ ಪತ್ರಿಕೆಗಳು ನಗೋಕೆ ಶುರು ಮಾಡಿದವು.

ಆಮೇಲೂ ಮುಗೀಲಿಲ್ಲ. ನಿಂತಿದ್ದಾಗ ಎರಡು ದೊಡ್ಡ ಸರಕು ದೋಣಿಗಳ ಮಧ್ಯೆ ಸಿಕ್ಕು ಸ್ನಾರ್ಕ್ ಅಪ್ಪಚ್ಚಿಯಾಯ್ತು. ದುರಸ್ತಿಗೆ ಎಳೆಯುವಾಗ ಕೆಸರಲ್ಲಿ ಕೂತುಬಿಟ್ಟಿತು. ಎಂಜಿನ್ ಚಾಲೂ ಮಾಡಿದ್ರೆ, ಅದು ಕೂತಿದ್ದ ಎರಕದ ಬೆಡ್‌ಪ್ಲೇಟ್ ಒಡೆದು ಎಂಜಿನ್ ಪಕ್ಕಕ್ಕೆ ಉರುಳಿತು. ಕೊನೆಗೆ ಆ 70 ಹಾರ್ಸ್ ಪವರನ್ನ ಹಗ್ಗದಿಂದ ಬಿಗಿದು ಕಟ್ಟಿ, ಬರೀ ಭಾರಕ್ಕೆ ಅಂತ ಇಟ್ಟುಕೊಂಡೇ ಹೊರಟರು. ಹೊರಡೋ ಹೊತ್ತಿಗೆ ಒಬ್ಬ ಸಾಲಗಾರ ಕೋರ್ಟಿಂದ ತಡೆ ತಂದು ದೋಣಿಗೆ ನೋಟಿಸ್ ಅಂಟಿಸಿದ.

1907ರ ಏಪ್ರಿಲ್ 23ರಂದು ಓಕ್ಲಂಡ್‌ನಿಂದ ಕಡೆಗೂ ಹೊರಟರು. ಆರು ಜನ. ಜಾಕ್, ಚಾರ್ಮಿಯನ್, ಕ್ಯಾಪ್ಟನ್ ಅಂತ ಚಾರ್ಮಿಯನ್‌ಳ ಚಿಕ್ಕಪ್ಪ ರಾಸ್ಕೊ ಈಮ್ಸ್, ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿ ಹರ್ಬರ್ಟ್ ಸ್ಟೋಲ್ಜ್, ಕೆಲಸಕ್ಕೆ ಜಪಾನಿ ಹುಡುಗ ಟೊಚಿಗಿ, ಅಡುಗೆಗೆ ಕ್ಯಾನ್ಸಸ್‌ನ ಮಾರ್ಟಿನ್ ಜಾನ್ಸನ್. ಮಾರ್ಟಿನ್ ಪೇಪರಿನಲ್ಲಿ ಸುದ್ದಿ ಓದಿ ಪತ್ರ ಬರೆದು ಸೇರಿಕೊಂಡವನು. ಮುಂದೆ ಇವನೇ ಪತ್ನಿ ಓಸಾ ಜೊತೆ ಕಾಡುಪ್ರಾಣಿಗಳ ಸಿನಿಮಾ ಮಾಡಿ ಜಗತ್ಪ್ರಸಿದ್ಧನಾದ.

ಸಮುದ್ರಕ್ಕೆ ಬಿದ್ದ ಮೇಲೆ ಗೊತ್ತಾಯ್ತು, ದೋಣಿ ಸೋರ್ತಾ ಇದೆ. ತಳ ಸೋರುತ್ತೆ, ಪಕ್ಕ ಸೋರುತ್ತೆ, ನೀರು ದಾಟಬಾರದ ಅಡ್ಡಗೋಡೆಗಳೂ ಸೋರುತ್ತವೆ. ಬಿರುಗಾಳಿ ಬಂದಾಗ ಮೂತಿಯನ್ನ ಗಾಳಿಗೆ ಒಡ್ಡಿ ನಿಲ್ಲಿಸಬೇಕು, ಅದಕ್ಕೂ ಸ್ನಾರ್ಕ್ ಒಪ್ಪಲಿಲ್ಲ. ತರಕಾರಿ, ಹಣ್ಣು ಕೊಳೆತು ಸಮುದ್ರದ ಪಾಲು. ಎಲ್ಲರಿಗೂ ವಾಂತಿ. ಆ ಸ್ಥಿತಿಯಲ್ಲೂ ಪಾಳಿ ಪ್ರಕಾರ ಚುಕ್ಕಾಣಿ ಹಿಡಿದು ನಿಂತವರಲ್ಲಿ ಚಾರ್ಮಿಯನ್ ಒಬ್ಬಳು.

ಗಡಿಯಾರ ಮತ್ತು ಸೂರ್ಯ

ಇನ್ನೊಂದು ಸಮಸ್ಯೆ ಇತ್ತು. ಕ್ಯಾಪ್ಟನ್ ಈಮ್ಸ್‌ಗೆ ದಿಕ್ಕು ಲೆಕ್ಕ ಹಾಕೋದು ಬರ್ತಾನೇ ಇರಲಿಲ್ಲ. ಭೂಮಿ ಒಂದು ಟೊಳ್ಳು ಗೋಳ, ನಾವೆಲ್ಲ ಅದರ ಒಳಮೈ ಮೇಲೆ ಬದುಕಿದ್ದೀವಿ ಅನ್ನೋ ವಿಚಿತ್ರ ಸಿದ್ಧಾಂತದ ಅನುಯಾಯಿ ಬೇರೆ. ಸುತ್ತ ನೀರು, ನಡುವೆ ಆರು ಜನ, ಎಲ್ಲಿದ್ದೀವಿ ಅಂತ ಯಾರಿಗೂ ಗೊತ್ತಿಲ್ಲ. ಜಾಕ್ ಪುಸ್ತಕ ತೆಗೆದು ಕೂತ. ದೋಣಿಯಲ್ಲೇ ತಾನೇ ಕಲಿತ.

ಈ ಲೆಕ್ಕ ನಮಗೂ ಕಷ್ಟ ಇಲ್ಲ. ಮಧ್ಯಾಹ್ನ ಸೂರ್ಯ ಅತಿ ಎತ್ತರದಲ್ಲಿದ್ದಾಗ ಸೆಕ್ಸ್‌ಟಂಟ್‌ನಿಂದ ಕೋನ ಅಳೆದ್ರೆ ಅಕ್ಷಾಂಶ ಸಿಗುತ್ತೆ. ರೇಖಾಂಶಕ್ಕೆ ಗಡಿಯಾರ ಬೇಕು. ಭೂಮಿ ಒಂದು ಗಂಟೆಗೆ 15 ಡಿಗ್ರಿ ತಿರುಗುತ್ತೆ, ಅಂದ್ರೆ ಒಂದು ಡಿಗ್ರಿಗೆ 4 ನಿಮಿಷ. ಹುಬ್ಬಳ್ಳಿಯದನ್ನೇ ನೋಡಿ. ನಮ್ಮ ದೇಶದ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು, ನಾವಿರೋದು ಸುಮಾರು 75 ಡಿಗ್ರಿಯಲ್ಲಿ. ವ್ಯತ್ಯಾಸ ಏಳೂವರೆ ಡಿಗ್ರಿ, ಅಂದರೆ 30 ನಿಮಿಷ. ಅದಕ್ಕೇ ನಮ್ಮೂರಲ್ಲಿ ಸೂರ್ಯ ನೆತ್ತಿಯ ಹತ್ತಿರ ಬರೋದು ಹನ್ನೆರಡಕ್ಕಲ್ಲ, ಹನ್ನೆರಡೂವರೆ ಆಸುಪಾಸಿಗೆ. ಸಮುದ್ರದಲ್ಲಿ ಇದನ್ನೇ ತಿರುಗಿಸಿ ಮಾಡ್ತಾರೆ, ಸಮಯದ ವ್ಯತ್ಯಾಸದಿಂದ ಜಾಗ ಕಂಡುಹಿಡೀತಾರೆ. ಗಡಿಯಾರ 4 ಸೆಕೆಂಡ್ ತಪ್ಪಿದ್ರೆ ಭೂಮಧ್ಯರೇಖೆ ಹತ್ತಿರ ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿಲೋಮೀಟರ್ ತಪ್ಪಿದಂತೆ. ಒಂದು ನಿಮಿಷ ತಪ್ಪಿದ್ರೆ ದ್ವೀಪವೇ ಕಾಣಿಸದೆ ಪಕ್ಕದಲ್ಲಿ ಹಾದುಹೋಗಬಹುದು.

ಜಾಕ್‌ನ ಲೆಕ್ಕ ಸರಿಯಿತ್ತು. 27 ದಿನದ ನಂತರ, ಮೇ 20ರಂದು ಹವಾಯಿಯ ಪರ್ಲ್ ಹಾರ್ಬರ್ ಮುಟ್ಟಿದ್ರು. ಸ್ನಾರ್ಕ್ ಮುಳುಗಿಹೋಯ್ತು ಅಂತ ಊರಲ್ಲಿ ಆಗಲೇ ಸುದ್ದಿ ಹಬ್ಬಿತ್ತು.

ದ್ವೀಪದಿಂದ ದ್ವೀಪಕ್ಕೆ

ಹವಾಯಿಯಲ್ಲಿ ದುರಸ್ತಿ ಅಂತ ಐದು ತಿಂಗಳು ಹಿಡೀತು. ವಿಡಿಯೋದಲ್ಲಿ ಕಾಣೋ ಆ ಆರಾಮದ ಜೀವನ ಇವರಿಗೆ ಮೊದಲು ಸಿಕ್ಕಿದ್ದು ಇಲ್ಲಿ. ವೈಕಿಕಿ ತೀರದಲ್ಲಿ ಜಾಕ್ ಹಲಗೆ ಮೇಲೆ ಅಲೆ ಸವಾರಿ ಕಲಿತ. ಆಗ ಅದು ಹವಾಯಿಯ ಹೊರಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಆಟ. ಅವನು ಬರೆದ ಲೇಖನ ಅಮೆರಿಕದಲ್ಲಿ ಸರ್ಫಿಂಗ್ ಹೆಸರಾಗೋಕೆ ಸಹಾಯ ಮಾಡಿತು. ಆದರೆ ಬಿಸಿಲಿಗೆ ಮೈ ಸುಟ್ಟು ಹಾಸಿಗೆ ಹಿಡಿದ. ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ವಸಾಹತಿಗೂ ಗಂಡ ಹೆಂಡತಿ ಹೋಗಿ ಅಲ್ಲಿ ಕೆಲವು ದಿನ ಅವರ ಜೊತೆ ಕಳೆದ್ರು. ಜನ ಅಂದುಕೊಂಡಷ್ಟು ಘೋರವಾದ ಜಾಗ ಅಲ್ಲ, ಅಲ್ಲೂ ನಗು, ಕುದುರೆ ರೇಸು ಎಲ್ಲ ಇದೆ ಅಂತ ಜಾಕ್ ಬರೆದ. ಆ ಕಾಲಕ್ಕೆ ಅದು ಸಣ್ಣ ಧೈರ್ಯ ಅಲ್ಲ.

1907ರ ಅಕ್ಟೋಬರ್ 7ರಂದು ಹಿಲೋ ಬಂದರು ಬಿಟ್ಟು ಮಾರ್ಕೇಸಸ್ ದ್ವೀಪಗಳ ಕಡೆ ಹೊರಟರು. ಈಮ್ಸ್ ಮತ್ತು ಸ್ಟೋಲ್ಜ್ ಊರಿಗೆ ಮರಳಿದ್ರು, ಹೊಸ ಕ್ಯಾಪ್ಟನ್ ಬಂದ. ಗಾಳಿ ಪೂರ್ವದಿಂದ ಬೀಸುತ್ತೆ, ಇವರು ಹೋಗಬೇಕಾದ್ದು ಆಗ್ನೇಯಕ್ಕೆ. ಸೈಕಲ್ ತುಳಿಯೋರಿಗೆ ಎದುರುಗಾಳಿ ಕಷ್ಟ ಗೊತ್ತಿರುತ್ತೆ, ಅದನ್ನೇ ಎರಡು ತಿಂಗಳು ಅನ್ಕೊಳ್ಳಿ. ನಡುವೆ ಗಾಳಿಯೇ ಇಲ್ಲದ ಪಟ್ಟಿ. ಎಂಜಿನ್ ಇತ್ತಲ್ಲ ಅಂತ ಕೇಳ್ಬೇಡಿ. ನವೆಂಬರ್‌ನಲ್ಲಿ ನೋಡಿದ್ರೆ ಕುಡಿಯೋ ನೀರು ಅರ್ಧಕ್ಕಿಂತ ಹೆಚ್ಚು ಹೋಗಿಬಿಟ್ಟಿತ್ತು. ತಲೆಗೆ ದಿನಕ್ಕೆ ಒಂದು ಲೀಟರಿಗೂ ಕಡಿಮೆ ಅಂತ ರೇಷನ್. ನಲ್ಲಿ ನೀರು ಬರೋ ದಿನ ಎಣಿಸಿ ಕೊಡ ತುಂಬಿಡೋ ನಮ್ಮ ಹುಬ್ಬಳ್ಳಿ ಮಂದಿಗೆ ಈ ಲೆಕ್ಕ ಬೇಗ ಅರ್ಥ ಆಗುತ್ತೆ. ಆಮೇಲೆ ಒಂದು ದಿನ ಮಳೆ ಸುರೀತು, ಹಾಯಿ ಬಟ್ಟೆಯಲ್ಲಿ ಹಿಡಿದು ತುಂಬಿಕೊಂಡ್ರು. ಅರವತ್ತು ದಿನ ಆದ ಮೇಲೆ, ಡಿಸೆಂಬರ್ 6ಕ್ಕೆ, ನುಕು ಹಿವಾ ದ್ವೀಪ ಸಿಕ್ತು.

ಈ ಎಲ್ಲದರ ನಡುವೆ ಜಾಕ್ ಒಂದು ನಿಯಮ ಬಿಡಲಿಲ್ಲ. ದಿನಾ ಬೆಳಿಗ್ಗೆ ಸಾವಿರ ಪದ. ದೋಣಿ ತೂಗಾಡಲಿ, ಹೊಟ್ಟೆ ತೊಳಸಲಿ, ಬರೆಯೋಕೆ ಕೂರ್ತಿದ್ದ. ಚಾರ್ಮಿಯನ್ ಅದನ್ನ ಟೈಪ್ ಮಾಡ್ತಿದ್ದಳು, ತನ್ನ ಡೈರಿ ಬೇರೆ ಬರೀತಿದ್ದಳು, ಪಾಳಿ ಬಂದಾಗ ಚುಕ್ಕಾಣಿ ಹಿಡೀತಿದ್ದಳು. ಅವನ ಅತ್ಯುತ್ತಮ ಕಾದಂಬರಿಗಳಲ್ಲಿ ಒಂದಾದ 'ಮಾರ್ಟಿನ್ ಈಡನ್' ಶುರುವಾಗಿದ್ದು ಹೊನೊಲುಲುವಿನಲ್ಲಿ, ಮುಗಿದಿದ್ದು 1908ರ ಫೆಬ್ರವರಿಯಲ್ಲಿ ತಾಹಿತಿಯಲ್ಲಿ. ಬಡ ನಾವಿಕನೊಬ್ಬ ಓದಿ ಓದಿ ಲೇಖಕನಾಗಿ, ಗೆದ್ದ ಮೇಲೆ ಖಾಲಿಯಾಗೋ ಕಥೆ ಅದು. ಸಾವಿರ ಪದ ಬರೆಯದೆ ಇದ್ರೆ ದೋಣಿ ಮುಂದೆ ಹೋಗ್ತಿರಲಿಲ್ಲ. ಸಾಲ, ಸಂಬಳ, ದುರಸ್ತಿ, ಊರಲ್ಲಿರೋ ತಾಯಿ, ಮೊದಲ ಹೆಂಡತಿ, ಮಕ್ಕಳು, ಎಲ್ಲರ ಖರ್ಚೂ ಆ ಪದಗಳಿಂದಲೇ ಬರಬೇಕಿತ್ತು. 1907ರ ಕೊನೆಗೆ ಅಮೆರಿಕದಲ್ಲಿ ಬ್ಯಾಂಕ್ ಬಿಕ್ಕಟ್ಟು ಬಂದು ಲೆಕ್ಕ ಎಲ್ಲ ಏರುಪೇರಾದಾಗ, ತಾಹಿತಿಯಿಂದ ಇಬ್ಬರೂ ಸ್ಟೀಮರ್ ಹತ್ತಿ ಕ್ಯಾಲಿಫೋರ್ನಿಯಾಗೆ ಹೋಗಿ ಸರಿಮಾಡಿ ಮತ್ತೆ ವಾಪಸ್ ಬಂದ್ರು.

ತಾಹಿತಿಯ ಆಚೆ ಸಿಕ್ಕ ದಿನಗಳು ಅವರ ಅತ್ಯಂತ ಸುಖದ ದಿನಗಳಲ್ಲಿ ಸೇರಿದವು. ರಯಾಟಿಯಾ ಹತ್ತಿರ ತೆಹೈ ಅನ್ನೋ ದ್ವೀಪವಾಸಿ ತನ್ನ ಪುಟ್ಟ ದೋಣಿಯಲ್ಲಿ ಇವರನ್ನ ಮನೆಗೆ ಕರೆದೊಯ್ದ. ಅವನ ಹೆಂಡತಿ ಬಿಹೌರಾ ಇದ್ದುದನ್ನೆಲ್ಲ ಬಡಿಸಿದಳು. ಹೊರಡುವಾಗ ಹಣ್ಣು, ಕೋಳಿ, ಗೆಡ್ಡೆ ಅಂತ ದೋಣಿ ತುಂಬ ಹೇರಿದ್ರು. ತೆಹೈ ಮುಂದೆ ಸಿಬ್ಬಂದಿಯಾಗಿ ಸೇರಿಕೊಂಡ. ಬೋರಾ ಬೋರಾದಲ್ಲಿ ಊರಿನವರೆಲ್ಲ ದೋಣಿಗಳನ್ನ ಸಾಲು ಕಟ್ಟಿ, ಹಗ್ಗ ಕಟ್ಟಿದ ಕಲ್ಲಿನಿಂದ ನೀರು ಬಡಿದು ಮೀನನ್ನ ದಡಕ್ಕೆ ಅಟ್ಟೋ ಬೇಟೆ ಏರ್ಪಡಿಸಿದ್ರು. ಅವತ್ತು ಒಂದೂ ಮೀನು ಬೀಳಲಿಲ್ಲ! ಹಬ್ಬಕ್ಕೇನೂ ಕಡಿಮೆ ಆಗಲಿಲ್ಲ. ಸಮೋವಾದಲ್ಲಿ ಇನ್ನೊಬ್ಬ ಲೇಖಕ ಸ್ಟೀವನ್‌ಸನ್‌ನ ಸಮಾಧಿ ನೋಡೋಕೆ ಬೆಟ್ಟ ಹತ್ತಿದ್ರು. ಅವನೂ 1888ರಲ್ಲಿ ಹೆಂಡತಿ ಫ್ಯಾನಿ ಜೊತೆ ಇದೇ ಸಮುದ್ರಕ್ಕೆ ಹಾಯಿ ಬಿಚ್ಚಿ ಬಂದು, ಇಲ್ಲೇ 1894ರಲ್ಲಿ ತೀರಿಕೊಂಡವನು.

ಫಿಜಿಯ ಸುವಾದಲ್ಲಿ ಕ್ಯಾಪ್ಟನ್ ದೋಣಿ ಬಿಟ್ಟ. 1908ರ ಜೂನ್‌ನಲ್ಲಿ ಮುಂದಿನ ದಾರಿಗೆ ಲೆಕ್ಕ ಹಾಕುವವನು ಜಾಕ್ ಒಬ್ಬನೇ. ತಪ್ಪಿದ್ರೆ ಕೇಳೋಕೆ ಯಾರೂ ಇಲ್ಲ. ಮೊದಲು ಫುಟುನಾ ಶಿಖರ, ಆಮೇಲೆ ಟನ್ನಾದ ಜ್ವಾಲಾಮುಖಿ, ಅವನು ಎಣಿಸಿದ ಕಡೆಯೇ ಕಂಡವು. ದೊಡ್ಡ ಪುಸ್ತಕ ಬರೆದಾಗ ಆಗದಷ್ಟು ಖುಷಿ ಅವನಿಗೆ ಆಗ ಆಗಿರಬೇಕು ಅಂತ ನನಗನ್ನಿಸುತ್ತೆ.

ಮೈ ಕೈಕೊಟ್ಟಾಗ

ಆಮೇಲೆ ಸೊಲೊಮನ್ ದ್ವೀಪಗಳು. ಇಲ್ಲಿ ಕಥೆ ಬದಲಾಗುತ್ತೆ. ತೋಟಗಳಿಗೆ ಕೂಲಿಗಳನ್ನ ಹಿಡಿದು ತರೋ 'ಮಿನೋಟಾ' ಅನ್ನೋ ಹಡಗಿನಲ್ಲಿ ಗಂಡ ಹೆಂಡತಿ ಮಲೈಟಾ ದ್ವೀಪಕ್ಕೆ ಹೋದ್ರು. ಅದು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡು ಬಹಳ ಕಷ್ಟದಿಂದ ಬಿಡಿಸಿಕೊಂಡಿತು. ಇಲ್ಲಿ ಒಂದು ಖರೇ ಮಾತು ಹೇಳ್ಬೇಕು. ಕೂಲಿಗಳ ಪರ, ಬಡವರ ಪರ ಅಷ್ಟೆಲ್ಲ ಬರೆದ ಜಾಕ್, ಈ ಕಪ್ಪು ಕೂಲಿಗಳ ವಿಷಯದಲ್ಲಿ ಬಿಳಿಯರ ಜಂಬ ಬಿಡಲಿಲ್ಲ. ಅವನ ಸೊಲೊಮನ್ ಕಥೆಗಳನ್ನ ಈಗ ಓದಿದ್ರೆ ಮುಜುಗರ ಆಗುತ್ತೆ. ಜೆನ್ನಿಯ ಎದೆಹಾಲು ಕುಡಿದು ಬೆಳೆದವನು ಹೀಗೆ ಯಾಕೆ ಬರೆದ ಅಂತ ನನಗೆ ಅರ್ಥ ಆಗಿಲ್ಲ.

ಅಲ್ಲಿನ ಹವೆ ಯಾರನ್ನೂ ಬಿಡಲಿಲ್ಲ. ದೋಣಿಯಲ್ಲಿದ್ದವರಿಗೆಲ್ಲ ಮಲೇರಿಯಾ. ಸಣ್ಣ ಗೀರು ಬಿದ್ದರೂ ವಾಸಿಯಾಗದ ಹುಣ್ಣು. ಜಾಕ್ ತಾನೇ ಡಾಕ್ಟರ್ ಆಗಿ ಎಲ್ಲರ ಹುಣ್ಣಿಗೆ ಔಷಧಿ ಹಾಕ್ತಿದ್ದ. ಆ ಔಷಧಿ ಮರ್ಕ್ಯುರಿಕ್ ಕ್ಲೋರೈಡ್, ಅಂದರೆ ಪಾದರಸದ ವಿಷ. ಆ ಕಾಲಕ್ಕೆ ಅದು ಸಾಮಾನ್ಯ ಔಷಧಿ, ಈಗ ನಾವು ಲ್ಯಾಬ್‌ನಲ್ಲಿ ಮುಟ್ಟೋಕೂ ಹೆದರ್ತೀವಿ. ಕೆಲವು ದಿನಕ್ಕೆ ಅವನ ಕೈಗಳು ಊದಿಕೊಂಡವು, ಚರ್ಮ ಪದರ ಪದರವಾಗಿ ಕಿತ್ತು ಬರೋಕೆ ಶುರುವಾಯ್ತು. ಹಗ್ಗ ಹಿಡಿಯೋಕಾಗಲ್ಲ. ಜೊತೆಗೆ ಫಿಸ್ಟುಲಾ.

1908ರ ನವೆಂಬರ್‌ನಲ್ಲಿ ಸ್ನಾರ್ಕ್ ಬಿಟ್ಟು ಸ್ಟೀಮರ್‌ನಲ್ಲಿ ಸಿಡ್ನಿಗೆ ಹೋಗಿ ಆಸ್ಪತ್ರೆ ಸೇರಿದ. ಆಪರೇಷನ್ ಆಯ್ತು, ಫಿಸ್ಟುಲಾ ವಾಸಿಯಾಯ್ತು. ಕೈಯ ರೋಗ ಏನು ಅಂತ ಅಲ್ಲಿನ ಡಾಕ್ಟರುಗಳಿಗೆ ಗೊತ್ತಾಗಲಿಲ್ಲ. ಡಿಸೆಂಬರ್‌ನಲ್ಲಿ ಪ್ರಯಾಣ ಇಲ್ಲಿಗೇ ಮುಗೀತು ಅಂತ ತೀರ್ಮಾನ. ಏಳು ವರ್ಷದ ಪ್ಲಾನ್ ಇಪ್ಪತ್ತು ತಿಂಗಳಿಗೆ ನಿಂತಿತು. ಗಂಡನ ಜೀವ ಮುಖ್ಯ ಅಂತ ಗೊತ್ತಿದ್ದರೂ ಚಾರ್ಮಿಯನ್‌ಗೆ ಆ ತೀರ್ಮಾನ ಸಾವಿನ ಸುದ್ದಿಯಂತೆ ಬಡಿಯಿತು. 30,000 ಡಾಲರಿನ ದೋಣಿ ಅದರ ಒಂದು ಸಣ್ಣ ಪಾಲಿನಷ್ಟು ಬೆಲೆಗೆ ಮಾರಾಟವಾಯ್ತು. ಅವನ ಚರ್ಮ ಸರಿಯಾಗಿದ್ದು ಕ್ಯಾಲಿಫೋರ್ನಿಯಾದ ಹವೆಗೆ ಮರಳಿದ ಮೇಲೆ. ಉಷ್ಣವಲಯದ ಬಿಸಿಲೇ ಕಾರಣ ಅಂತ ಅವನು ನಂಬಿದ್ದ. ಆ ಪಾದರಸ ಅವನ ಮೂತ್ರಪಿಂಡವನ್ನೂ ಹಾಳು ಮಾಡಿರಬಹುದು ಅಂತ ಅವನ ಜೀವನ ಚರಿತ್ರೆ ಬರೆದ ಕೆಲವರು ಅನುಮಾನಿಸ್ತಾರೆ.

ಆಮೇಲೆ

1909ರ ಜುಲೈನಲ್ಲಿ ಇಬ್ಬರೂ ಮನೆ ಸೇರಿದ್ರು. ಮರುವರ್ಷ ಜೂನ್‌ನಲ್ಲಿ ಹೆಣ್ಣುಮಗು ಹುಟ್ಟಿತು. ಜಾಯ್ ಅಂತ ಹೆಸರಿಟ್ರು. ಆ ಮಗು ಎರಡು ದಿನವೂ ಬದುಕಲಿಲ್ಲ. ಆ ದುಃಖದ ನಂತರದ ವರ್ಷಗಳಲ್ಲಿ ಅವರು ಮಾಡಿದ್ದೇನು ಅಂದ್ರೆ, 'ರೋಮರ್' ಅಂತ ಇನ್ನೊಂದು ದೋಣಿ ತಗೊಂಡು ಸಮುದ್ರಕ್ಕೆ ಹೋಗದೆ, ಮನೆಯ ಹತ್ತಿರದ ನದಿ ಮುಖಜ ಭೂಮಿಯಲ್ಲೇ ವಾರಗಟ್ಟಲೆ ತೇಲ್ತಾ ಇದ್ದದ್ದು. ಬೆಳಿಗ್ಗೆ ಸಾವಿರ ಪದ, ಮಧ್ಯಾಹ್ನ ಮೀನು, ಸಂಜೆ ಇಸ್ಪೀಟು. ನಿಜವಾದ ಆರಾಮ ಅವರಿಗೆ ಸಿಕ್ಕಿದ್ದು ಅಲ್ಲಿ.

ಜಾಕ್ ಆಗಲೂ ಕೈ ಮೀರಿಯೇ ಕನಸು ಕಾಣ್ತಿದ್ದ. ವುಲ್ಫ್ ಹೌಸ್ ಅಂತ ದೊಡ್ಡ ಕಲ್ಲಿನ ಮನೆ ಕಟ್ಟಿಸಿದ. 1913ರ ಆಗಸ್ಟ್‌ನಲ್ಲಿ, ವಾಸಕ್ಕೆ ಹೋಗೋ ಮೊದಲೇ, ಒಂದೇ ರಾತ್ರಿಯಲ್ಲಿ ಸುಟ್ಟುಹೋಯ್ತು. 1915, 1916ರಲ್ಲಿ ಮತ್ತೆ ಹವಾಯಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬಂದರು. 1916ರ ನವೆಂಬರ್ 22ರಂದು, ಬರೀ ನಲವತ್ತನೇ ವಯಸ್ಸಿಗೆ, ಗ್ಲೆನ್ ಎಲೆನ್‌ನ ಮನೆಯಲ್ಲಿ ಜಾಕ್ ತೀರಿಕೊಂಡ. ಮೂತ್ರಪಿಂಡ ಕೆಲಸ ನಿಲ್ಲಿಸಿತ್ತು. ಅಷ್ಟರಲ್ಲಿ ಐವತ್ತರ ಆಸುಪಾಸು ಪುಸ್ತಕ ಬರೆದಿದ್ದ.

ಚಾರ್ಮಿಯನ್ ಇನ್ನೂ 38 ವರ್ಷ ಬದುಕಿದಳು. ಸ್ನಾರ್ಕ್ ಪಯಣದ ಬಗ್ಗೆ ಜಾಕ್‌ನ ಪುಸ್ತಕ 1911ರಲ್ಲೇ ಬಂದಿತ್ತು. ದಿನದಿನದ ವಿವರ ಬರೆದ ಅವಳ ಪುಸ್ತಕ 'ದಿ ಲಾಗ್ ಆಫ್ ದಿ ಸ್ನಾರ್ಕ್' 1915ರಲ್ಲಿ ಬಂತು. ಅವನು ಹೋದ ಮೇಲೆ ಅದೇ ಜಮೀನಿನಲ್ಲಿ ಕಲ್ಲಿನ ಮನೆ ಕಟ್ಟಿಕೊಂಡು, ದ್ವೀಪಗಳಿಂದ ತಂದ ಸಾಮಾನುಗಳನ್ನೆಲ್ಲ ಅಲ್ಲಿಟ್ಟಳು. 1955ರಲ್ಲಿ ತೀರಿಕೊಂಡಳು. ಆ ಮನೆ ಈಗ ಮ್ಯೂಸಿಯಂ.

ಇದನ್ನೆಲ್ಲ ರೂಮ್‌ಮೇಟ್‌ಗೆ ಹೇಳಿದೆ. ಅಂದ್ರೆ ಹೋಗಬಾರದು ಅಂತೀಯೇನು ಅಂತ ಕೇಳಿದ. ನಾನು ಹಂಗ ಹೇಳ್ತಿಲ್ಲ. ಕೆಟ್ಟ ಎಂಜಿನ್, ಸೋರೋ ತಳ, ಸಾಲ, ಜ್ವರ, ಇಷ್ಟರ ಮಧ್ಯೆಯೂ ಆ ಇಬ್ಬರಿಗೆ ಆ ಇಪ್ಪತ್ತು ತಿಂಗಳಿಗಿಂತ ಪ್ರಿಯವಾದ ಕಾಲ ಇರಲಿಲ್ಲ. ಆದರೆ ಅದು ಕೆಲಸ ಬಿಟ್ಟು ಹೋದ ಜೀವನ ಅಲ್ಲ, ಕೆಲಸವನ್ನ ದೋಣಿಗೆ ಹಾಕಿಕೊಂಡು ಹೋದ ಜೀವನ. ಒಬ್ಬ ಬರೆದ, ಒಬ್ಬಳು ಟೈಪ್ ಮಾಡಿದಳು. ಲೆಕ್ಕ ಬರದಿದ್ದಾಗ ಕಲಿತರು, ಕೈ ನಿಂತಾಗ ಅಳುತ್ತಲೇ ವಾಪಸ್ ಬಂದರು. ವಿಡಿಯೋದಲ್ಲಿ ಕಾಲು ಚಾಚಿ ಕೂತ ಐದು ನಿಮಿಷದ ಹಿಂದೆ ಎಷ್ಟು ಗಂಟೆಯ ಪಂಪ್ ಹೊಡೆಯೋ ಕೆಲಸ ಇರುತ್ತೋ ಯಾರಿಗೆ ಗೊತ್ತು.

ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ನಾವಿಬ್ಬರೂ ಕಾರವಾರಕ್ಕೆ ಬಸ್ಸಿನಲ್ಲಿ ಹೋಗೋಣ ಅಂತ ಮಾತಾಗಿದೆ. ಸಮುದ್ರ ನೋಡಿದ ಹಾಗೂ ಆಯ್ತು, ದೋಣಿಯವರ ಹತ್ತಿರ ಮಾತಾಡಿದ ಹಾಗೂ ಆಯ್ತು. ಅದಕ್ಕೂ ಮೊದಲು ಅವನು ಈಜು ಕ್ಲಾಸ್ ಸೇರ್ತೀನಿ ಅಂದಿದಾನೆ. ನೋಡೋಣ.